ಬೆಲ್ಟ್ ಕಡಿಯಲಿಲ್ಲ, ಸ್ಕ್ರೂ ಬಿಟ್ಟಿತು

ಬೆಳಿಗ್ಗೆ ಆರೂವರೆಗೆ ಮಲ್ಪೆ ಬಂದರಿಗೆ ಹೋದರೆ ಗರುಡಗಳು ತಲೆ ಮೇಲೆಯೇ ಸುತ್ತುತ್ತಿರುತ್ತವೆ. ಬೋಟಿನಿಂದ ಮೀನು ಇಳಿಸುವಾಗ ಬೀಳುವ ಚೂರಿಗೆ ಅವು ಕಾಯುವುದು. 2023ರ ಜನವರಿಯಲ್ಲಿ ಅಂಥದ್ದೇ ಒಂದು ಬೆಳಿಗ್ಗೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ದಕ್ಕೆಯ ಮೇಲೆ ನಡೆಯುತ್ತಿದ್ದೆ. ನಿಕಾನ್ ಡಿ500, ಅದಕ್ಕೆ ದೂರದ್ದನ್ನು ಹತ್ತಿರ ತರುವ 200-500 ಎಂಎಂ ಲೆನ್ಸ್. ಬಾಡಿ 860 ಗ್ರಾಂ, ಲೆನ್ಸ್ ಅದರ ಕಾಲರ್ (ಲೆನ್ಸನ್ನು ಸುತ್ತ ಹಿಡಿಯುವ ಬಳೆ) ಸೇರಿ 2,300 ಗ್ರಾಂ. ಒಟ್ಟು ಮೂರು ಕಿಲೋಗಿಂತ ಸ್ವಲ್ಪ ಜಾಸ್ತಿ. ಅಷ್ಟನ್ನೂ ಹೊತ್ತದ್ದು ಹೆಗಲಿನಿಂದ ಸೊಂಟದ ಪಕ್ಕಕ್ಕೆ ಇಳಿಬಿಡುವ ಬೆಲ್ಟ್. ತುದಿಯಲ್ಲಿ ಒಂದು ಕೊಕ್ಕೆ, ಕೊಕ್ಕೆಗೆ ಒಂದು ಸ್ಕ್ರೂ. ಆ ಸ್ಕ್ರೂವನ್ನು ಲೆನ್ಸಿನ ಟ್ರೈಪಾಡ್ ಫುಟ್‌ಗೆ, ಅಂದರೆ ಕಾಲರಿನ ಕೆಳಗಿರುವ ಪಾದಕ್ಕೆ, ತಿರುಗಿಸಿ ಕೂರಿಸುವುದು.

ಒಂದು ಮೆಟ್ಟಿಲು ಇಳಿದೆ. ಹೆಗಲು ಒಮ್ಮೆಲೇ ಹಗುರವಾಯಿತು. ಶಬ್ದ ಕೇಳಿಸಿದ್ದು ಆಮೇಲೆ.

ಕ್ಯಾಮೆರಾ ಕಾಂಕ್ರೀಟಿನ ಮೇಲೆ ಬಿದ್ದಿತ್ತು. ಲೆನ್ಸ್ ಬಾಡಿಗೆ ಕೂರುವ ಜಾಗ, ಅಂದರೆ ಮೌಂಟ್, ಬಾಗಿತ್ತು. ಬೆಂಗಳೂರಿಗೆ ಕಳಿಸಿ ರಿಪೇರಿ ಮಾಡಿಸಲು 18,000 ರೂಪಾಯಿ ಮತ್ತು ಐದು ವಾರ ಹೋಯಿತು. ಆದರೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿರುವುದು ಮುರಿದ ಲೆನ್ಸ್ ಅಲ್ಲ, ನನ್ನ ಹೆಗಲ ಮೇಲೆ ಹಾಗೇ ಉಳಿದಿದ್ದ ಬೆಲ್ಟ್. ಒಂದು ಎಳೆಯೂ ಕಡಿದಿರಲಿಲ್ಲ. ತುದಿಯ ಕೊಕ್ಕೆಯೂ ಹಾಕಿದ ಹಾಗೇ ಇತ್ತು. ಕೊಕ್ಕೆಯಲ್ಲಿ ಸ್ಕ್ರೂ ತನ್ನ ರಬ್ಬರ್ ವಾಷರಿನ ಜೊತೆ ಸುಮ್ನೆ ನೇತಾಡುತ್ತಿತ್ತು.

ಅಲ್ಲಿಯವರೆಗೆ ನಾನು ಬೆಲ್ಟ್ ಕೊಳ್ಳುವಾಗ ನೋಡುತ್ತಿದ್ದದ್ದು ಪಟ್ಟಿ ಎಷ್ಟು ಅಗಲ, ಹೆಗಲಿಗೆ ಎಷ್ಟು ಮೆತ್ತಗೆ, ಇಷ್ಟೇ. ಭಾರದ ಲೆನ್ಸ್ ಹೊರುವವರು ಹೆಚ್ಚಿನವರು ನೋಡುವುದೂ ಅದನ್ನೇ. ಪಟ್ಟಿ ಕಡಿದು ಕ್ಯಾಮೆರಾ ಬಿದ್ದದ್ದನ್ನು ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ. ಜೋಡಿಸಿದ ಜಾಗ ಬಿಟ್ಟು ಬಿದ್ದದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಮನೆಗೆ ಬಂದು ಸ್ಕ್ರೂವನ್ನು ಮೇಜಿನ ಮೇಲಿಟ್ಟು ನೋಡಿದೆ. ಟ್ರೈಪಾಡ್ ಸ್ಕ್ರೂ ಕಾಲು ಇಂಚಿನದು, ಒಂದು ಇಂಚಿಗೆ 20 ಸುತ್ತು. ಅಂದರೆ ಒಂದು ಸುತ್ತಿಗೆ 1.27 ಮಿಲಿಮೀಟರ್. ರಬ್ಬರ್ ವಾಷರಿನ ದಪ್ಪ ಕಳೆದರೆ ನನ್ನ ಸ್ಕ್ರೂ ಫುಟ್‌ನ ಒಳಗೆ ಹಿಡಿದಿದ್ದದ್ದು ನಾಲ್ಕೇ ಸುತ್ತು, ಬರೀ ಐದು ಮಿಲಿಮೀಟರ್. ಮೂರು ಕಿಲೋ ನೇತಾಡುತ್ತಿದ್ದದ್ದು ಅಷ್ಟರ ಮೇಲೆ.

ಆದರೂ ಅದು ತಿರುಗಿದ್ದು ಯಾಕೆ? ಕೊಕ್ಕೆ ಮತ್ತು ಸ್ಕ್ರೂ ನಡುವೆ ಗಿರಗಿರ ತಿರುಗುವ ಒಂದು ಭಾಗ ಇರುತ್ತದೆ. ನಡೆಯುವಾಗ ಕ್ಯಾಮೆರಾ ತೂಗಿ ಹೊರಳಿದರೆ ಅದು ತಿರುಗಬೇಕು, ಸ್ಕ್ರೂ ತಿರುಗಬಾರದು. ನನ್ನದನ್ನು ಬೆರಳಲ್ಲಿ ತಿರುಗಿಸಿ ನೋಡಿದರೆ ಕಿರ್ ಎಂದು ಹಿಡಿದುಕೊಂಡಿತು. ಒಳಗೆ ಉಪ್ಪು, ಸಣ್ಣ ಮರಳು. ತಿರುಗಬೇಕಾದ್ದು ಜಾಮ್ ಆಗಿತ್ತು. ಹಾಗಾಗಿ ಪ್ರತಿ ಹೆಜ್ಜೆಯ ತಿರುವು ಸ್ಕ್ರೂ ಮೇಲೆ ಬೀಳುತ್ತಾ ಹೋಗಿ ಅದು ಸ್ವಲ್ಪ ಸ್ವಲ್ಪವೇ ಸಡಿಲವಾಗಿತ್ತು. ಕಡಲ ಬದಿಯಲ್ಲಿ ಕೆಲಸ ಮಾಡುವ ನಮಗೆಲ್ಲ ಈ ಅಪಾಯ ಜಾಸ್ತಿ.

ವಾರ ಬಿಟ್ಟು ಬಂದರಿಗೆ ಹೋದಾಗ ಬೆಲ್ಟ್ ಚೀಲದಲ್ಲೇ ಇತ್ತು. ಅಲ್ಲಿ ಬಲೆ ಹೊಲಿಯುವ ಹಿರಿಯರೊಬ್ಬರು ನನಗೆ ಪರಿಚಯ. ಕ್ಯಾಮೆರಾ ಬಿದ್ದ ಸುದ್ದಿ ಅವರಿಗೆ ಮೊದಲೇ ತಲುಪಿತ್ತು. ಬೆಲ್ಟ್ ಕೈಗೆ ತೆಗೆದುಕೊಂಡರು. ಕಣ್ಣು ಬಲೆಯ ಮೇಲೆಯೇ ಇತ್ತು, ಬೆರಳು ಮಾತ್ರ ಪಟ್ಟಿಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು. ಬಕಲ್ ಸಿಕ್ಕಲ್ಲಿ ನಿಂತಿತು. ಹೊಲಿಗೆ ಸಿಕ್ಕಲ್ಲಿ ಇನ್ನೊಮ್ಮೆ ನಿಂತಿತು.

“ಹಗ್ಗ ನಡುವಲ್ಲಿ ಹೋಗುವುದು ಕಡಿಮೆ ಮಾರಾಯ್ರೆ. ಉಜ್ಜುವ ಜಾಗ ನೋಡಿ, ಗಂಟು ಇರುವ ಜಾಗ ನೋಡಿ,” ಎಂದರು. ಆಮೇಲೆ ಹೊಲಿಗೆಯನ್ನು ಉಗುರಿನಿಂದ ಎಬ್ಬಿಸಿ ತೋರಿಸಿದರು. ಪಟ್ಟಿ ಮಡಚಿ ಹೊಲಿದಲ್ಲಿ ನೂಲು ಬೆಳ್ಳಗಾಗಿ ನಾಲ್ಕೈದು ಕಡೆ ಕಡಿದಿತ್ತು. ನಾನದನ್ನು ನೋಡಿಯೇ ಇರಲಿಲ್ಲ. ಸ್ಕ್ರೂ ಅವತ್ತು ಬಿಡದೆ ಇದ್ದಿದ್ದರೆ ಮಳೆಗಾಲದೊಳಗೆ ಹೊಲಿಗೆ ಬಿಡುತ್ತಿತ್ತು.

ಅಂದಿನಿಂದ ನಾನು ಮಾಡುತ್ತಾ ಬಂದದ್ದನ್ನು ಹೇಳುತ್ತೇನೆ.

ಮೊದಲ ಮಾತು, ಭಾರದ ಲೆನ್ಸನ್ನು ಬಾಡಿಯ ಎರಡು ಕಿವಿಗೆ (ಬೆಲ್ಟ್ ಕಟ್ಟಲು ಎರಡು ಬದಿಯಲ್ಲಿರುವ ಕುಣಿಕೆ) ಕಟ್ಟಿದ ಬೆಲ್ಟಿನಿಂದ ತೂಗಬೇಡಿ. ಮುಂದೆ ಎರಡು ಕಿಲೋ ಜಗ್ಗುತ್ತದೆ, ಆ ಜಗ್ಗುವಿಕೆ ಎಲ್ಲಾ ಮೌಂಟಿನ ಮೇಲೆ ಬೀಳುತ್ತದೆ. ಬೆಲ್ಟ್ ಲೆನ್ಸಿನ ಫುಟ್‌ಗೇ ಹೋಗಬೇಕು. ತೂಕದ ನಡು ಇರುವುದು ಅದರ ಹತ್ತಿರವೇ. ಕಾಲರಿನ ತಿರುಪು ಬಿಗಿ ಇದೆಯಾ ಎಂದೂ ನೋಡಿಕೊಳ್ಳಿ, ಕೆಲವು ಲೆನ್ಸುಗಳಲ್ಲಿ ಅದು ಸಡಿಲವಾದರೆ ಕಾಲರೇ ಬಿಚ್ಚಿಕೊಳ್ಳುತ್ತದೆ. ಫುಟ್ ಕಾಲರಿಗೆ ಕೂತಿರುವುದೂ ಸಣ್ಣ ಸ್ಕ್ರೂಗಳಿಂದಲೇ, ಅದನ್ನು ಯಾರೂ ನೋಡುವುದಿಲ್ಲ.

ಇನ್ನು ಆ ಸ್ಕ್ರೂ. ಬೆಲ್ಟಿನ ಸ್ಕ್ರೂವನ್ನು ನೇರ ಫುಟ್‌ಗೆ ಹಾಕುವುದನ್ನೇ ಬಿಟ್ಟೆ. ಫುಟ್‌ಗೆ ಒಂದು ಉದ್ದದ ಅರ್ಕಾ ಪ್ಲೇಟ್ (ಕ್ಲಾಂಪ್ ಹಿಡಿಯಲು ಅಂಚು ಇರುವ ಲೋಹದ ಪಟ್ಟಿ) ಕೂರಿಸಿ, ಅಲೆನ್ ಕೀಯಿಂದ ಬಿಗಿ ಮಾಡಿದೆ. ಬೆರಳಲ್ಲಿ ತಿರುಗಿಸುವ ಸ್ಕ್ರೂಗೂ ಕೀ ಹಾಕಿ ಬಿಗಿದ ಸ್ಕ್ರೂಗೂ ಬಹಳ ವ್ಯತ್ಯಾಸ. ಬಿಗಿಯುವ ಮೊದಲು ಸ್ಕ್ರೂವಿನ ಎಣ್ಣೆ ಜಿಡ್ಡು ಒರೆಸಿ ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದ ಹಾಗೆ ಹಿಡಿಯುವ ಅಂಟು) ಒಂದೇ ಒಂದು ಹನಿ ಹಾಕಿ, ಒಂದು ದಿನ ಮುಟ್ಟದೆ ಇಟ್ಟೆ. ನೀಲಿಯೇ ಆಗಬೇಕು. ಕೆಂಪು ಹಾಕಿದರೆ ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ, ಲೆನ್ಸಿನ ಹತ್ತಿರ ಅದು ಬೇಡ. ಪ್ಲಾಸ್ಟಿಕ್ಕಿಗೆ ನೀಲಿಯೂ ತಾಗಬಾರದು, ಕೆಲವು ಪ್ಲಾಸ್ಟಿಕ್ ಅದರಿಂದ ಬಿರುಕು ಬಿಡುತ್ತದೆ.

ಫುಟ್‌ನಲ್ಲಿ ದೊಡ್ಡ ತೂತಿನ ಒಳಗೆ ಸಣ್ಣ ಹಿತ್ತಾಳೆ ಬುಷ್ ಹಾಕಿದ್ದರೆ ಅದನ್ನು ತೆಗೆದು ನೋಡಿ. ದೊಡ್ಡ ಲೆನ್ಸಿನ ಎಂಟನೇ ಮೂರು ಇಂಚಿನ ತೂತನ್ನು ಕಾಲು ಇಂಚಿಗೆ ಇಳಿಸಲು ಅದನ್ನು ಹಾಕುತ್ತಾರೆ. ಸ್ಕ್ರೂ ಬುಷ್‌ನಲ್ಲಿ ಗಟ್ಟಿಯಾಗಿ ಕೂತಿದ್ದರೂ ಬುಷ್ ಫುಟ್‌ನಿಂದ ಬಿಚ್ಚಿ ಬರಬಹುದು. ನನ್ನ ಗೆಳೆಯನ ಲೆನ್ಸಿನಲ್ಲಿ ಅದು ಅರ್ಧ ಹೊರಗೆ ಬಂದದ್ದು ಕಂಡಿತು, ಪುಣ್ಯಕ್ಕೆ ಮನೆಯಲ್ಲೇ.

ಸ್ಕ್ರೂ ಬಿಗಿದ ಮೇಲೆ ಅದರ ತಲೆಯಿಂದ ಪ್ಲೇಟಿನವರೆಗೆ ಒಂದು ನೇರ ಗೆರೆ ಎಳೆದೆ. ಅಕ್ಕನ ಮಗಳ ಕೆಂಪು ನೇಲ್ ಪಾಲಿಶ್‌ನಲ್ಲಿ. ಸ್ಕ್ರೂ ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ಕೈ ಹಾಕಿ ಅಲ್ಲಾಡಿಸಿ ನೋಡಬೇಕಾಗಿಲ್ಲ, ಕ್ಯಾಮೆರಾ ಹೆಗಲಿಗೆ ಹಾಕುವ ಮೊದಲು ಒಂದು ಕಣ್ಣೋಟ ಸಾಕು. ಇಷ್ಟು ಅಗ್ಗದ, ಇಷ್ಟು ನಂಬಿಕೆಯ ಉಪಾಯ ನನಗೆ ಬೇರೆ ಸಿಕ್ಕಿಲ್ಲ.

ಈಗ ಬೆಲ್ಟಿನ ತುದಿಯಲ್ಲಿ ಸ್ಕ್ರೂ ಬದಲು ಕ್ಲಾಂಪ್ ಇದೆ, ಅದು ಪ್ಲೇಟಿನ ಅಂಚನ್ನು ಕಚ್ಚಿ ಹಿಡಿಯುತ್ತದೆ. ಪ್ಲೇಟಿನ ಎರಡೂ ತುದಿಯಲ್ಲಿ ಸಣ್ಣ ತಡೆ ಸ್ಕ್ರೂ ಇರಲೇಬೇಕು, ಇಲ್ಲದಿದ್ದರೆ ಕ್ಲಾಂಪ್ ಸಡಿಲವಾದ ದಿನ ಲೆನ್ಸ್ ಜಾರಿ ಹೊರಗೆ ಬರುತ್ತದೆ. ಅದನ್ನು ಅಡ್ಡಿ ಎಂದು ತೆಗೆದು ಬಿಸಾಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಕೊಕ್ಕೆಯ ಬದಲು ಸ್ಟೇನ್‌ಲೆಸ್ ಸ್ಟೀಲಿನ ಸಣ್ಣ ಡಿ ಶ್ಯಾಕಲ್ (ತಿರುಪಿನ ಪಿನ್ನಿನಿಂದ ಮುಚ್ಚುವ ಡಿ ಆಕಾರದ ಬಳೆ) ಹಾಕಿದ್ದೇನೆ. ಬೋಟಿನ ಸಾಮಾನು ಮಾರುವ ಅಂಗಡಿಯಲ್ಲಿ 316 ದರ್ಜೆಯ ಸ್ಟೀಲ್ ಎಂದು ಕೇಳಿ ತನ್ನಿ, ಉಪ್ಪುಗಾಳಿಗೆ 304ಕ್ಕಿಂತ ಅದು ಚೆನ್ನಾಗಿ ತಡೆಯುತ್ತದೆ. ಕೀ ಚೈನಿಗೆ ಹಾಕುವ ಬಣ್ಣದ ಕೊಕ್ಕೆಗಳು ನೋಡಲು ಅದರ ಹಾಗೇ ಇದ್ದರೂ ಭಾರಕ್ಕೆ ಮಾಡಿದವಲ್ಲ.

ಹೊಲಿಗೆಯನ್ನು ಉಡುಪಿಯಲ್ಲಿ ಬ್ಯಾಗ್ ರಿಪೇರಿ ಮಾಡುವವರ ಹತ್ತಿರ ಪಾಲಿಯೆಸ್ಟರ್ ನೂಲಿನಲ್ಲಿ ಮತ್ತೆ ಹಾಕಿಸಿದೆ. ಚೌಕ, ಚೌಕದೊಳಗೆ ಮೂಲೆಯಿಂದ ಮೂಲೆಗೆ ಗೆರೆ ಎರಡು. ಹತ್ತಿ ನೂಲು ಬೇಡ ಎಂದು ಮೊದಲೇ ಹೇಳಿ, ನಮ್ಮ ಬೆವರಿಗೂ ಮಳೆಗೂ ಅದು ಬೇಗ ಕೊಳೆಯುತ್ತದೆ.

ಬಕಲಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಹೆಚ್ಚಿನವರು ಪಟ್ಟಿಯನ್ನು ಎರಡು ಕಿಂಡಿಯಲ್ಲಿ ತೂರಿಸಿ, ಉಳಿದ ತುದಿಯನ್ನು ಹೊರಗೆ ನೇತಾಡಲು ಬಿಡುತ್ತಾರೆ. ಹೊಸ ನೈಲಾನ್ ನುಣುಪು. ಒದ್ದೆಯಾದರೆ ಇನ್ನೂ ನುಣುಪು. ಒಂದೊಂದೇ ಮಿಲಿಮೀಟರ್ ಜಾರುತ್ತದೆ. ನಾನು ತುದಿಯನ್ನು ಬಕಲಿನ ಒಳಬದಿಯಿಂದ ತೂರಿಸುತ್ತೇನೆ. ತುದಿ ಎರಡು ಪಟ್ಟಿಗಳ ನಡುವೆ ಸ್ಯಾಂಡ್‌ವಿಚ್ ಆದ ಹಾಗೆ ಕೂರುತ್ತದೆ, ಭಾರ ಬಿದ್ದಷ್ಟೂ ಬಿಗಿಯಾಗುತ್ತದೆ. ತುದಿ ಐದಾರು ಸೆಂಟಿಮೀಟರ್ ಉಳಿಯಲೇಬೇಕು. ಅದರ ಮೇಲೆ ಪೆನ್ನಿನಲ್ಲಿ ಒಂದು ಗುರುತು ಹಾಕಿಡಿ, ಜಾರಿದರೆ ಗೊತ್ತಾಗುತ್ತದೆ.

ಪಟ್ಟಿಯ ಬದಲು ದಾರದ ಗುಂಡಿ ಬಳಸುವವರು ಪೀಕ್ ಡಿಸೈನ್ ಕಂಪನಿಯ ಆ್ಯಂಕರ್ ನೋಡಿರಬಹುದು. 90 ಕಿಲೋ ತಡೆಯುತ್ತದೆ ಎಂದು ಅವರು ಹೇಳುತ್ತಾರೆ. ಆದರೆ ದಾರ ಸವೆದು ಒಳಗಿನ ಹಳದಿ ಕಂಡ ದಿನವೇ ಅದನ್ನು ಬದಲಾಯಿಸಬೇಕು. ಬಾಡಿಯ ಕಿವಿಯಲ್ಲಿರುವ ಲೋಹದ ರಿಂಗಿನ ತುದಿ ಚೂಪಾಗಿದ್ದರೆ ಎಂಥ ದಾರವೂ ಬಾಳುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು, ಎರಡನೇ ಹಗ್ಗ. ಬಾಡಿಯ ಬಲ ಕಿವಿಯಿಂದ ನನ್ನ ಬೆನ್ನುಚೀಲದ ಪಟ್ಟಿಗೆ ನಾಲ್ಕು ಮಿಲಿಮೀಟರ್ ದಪ್ಪದ ಹೆಣೆದ ಪಾಲಿಯೆಸ್ಟರ್ ಹಗ್ಗ. ಬಲೆಯ ಹಿರಿಯರೇ ಗಂಟು ಹಾಕಿ, ತುದಿಯನ್ನು ಲೈಟರಿನಲ್ಲಿ ಸುಟ್ಟು ಕೊಟ್ಟರು. ಇದರಲ್ಲಿ ಒಂದು ನಿಯಮ ಇದೆ. ಎರಡನೇ ಹಗ್ಗ ಮೊದಲನೆಯದರ ಯಾವ ಜೋಡಣೆಯನ್ನೂ ಹಂಚಿಕೊಳ್ಳಬಾರದು. ಅದೇ ಪ್ಲೇಟಿಗೆ, ಅದೇ ಬೆಲ್ಟಿಗೆ ಕಟ್ಟಿದರೆ ಕಟ್ಟಿಯೂ ಪ್ರಯೋಜನ ಇಲ್ಲ, ಅಲ್ವಾ? ನನ್ನದು ಒಂದು ಫುಟ್‌ನಲ್ಲಿ, ಇನ್ನೊಂದು ಬಾಡಿಯಲ್ಲಿ. ಒಂದು ಹೆಗಲಿಗೆ, ಇನ್ನೊಂದು ಚೀಲಕ್ಕೆ. ಉದ್ದ ಮಾತ್ರ ಅಳೆದು ಕಟ್ಟಿ. ಕ್ಯಾಮೆರಾ ಕಣ್ಣಿಗೆ ಹಿಡಿಯಲು ಎಷ್ಟು ಬೇಕೋ ಅಷ್ಟು. ಜಾಸ್ತಿ ಬಿಟ್ಟರೆ ಬೀಳುವ ದೂರ ಜಾಸ್ತಿ, ಆಗ ಬೀಳುವ ಜಗ್ಗು ಮೂರು ಕಿಲೋದಲ್ಲಿ ನಿಲ್ಲುವುದಿಲ್ಲ. ಕುತ್ತಿಗೆಗಂತೂ ಯಾವತ್ತೂ ಕಟ್ಟಬೇಡಿ. ಕಂಬಳದಲ್ಲಿ ಓಟ ಮುಗಿಯುವ ತುದಿಯಾದ ಮಂಜೊಟ್ಟಿಯ ಹತ್ತಿರ ನಿಂತವರಿಗೆ ಇದು ಗೊತ್ತಿರುತ್ತದೆ, ಕೋಣಗಳು ಓಟದ ಕರೆ ದಾಟಿ ಜನರ ಕಡೆ ನುಗ್ಗಿದಾಗ ಎಲ್ಲ ಬಿಟ್ಟು ಓಡಬೇಕಾಗುತ್ತದೆ.

ಎಲ್ಲ ಕಟ್ಟಿದ ಮೇಲೆ ಕ್ಯಾಮೆರಾ ತೂಗುವ ಮೊದಲು ಅಕ್ಕಿ ತೂಗಿದೆ. ನಮ್ಮ ಹಳೇ ಮನೆಯ ಚಾವಡಿಯಲ್ಲಿ ತೊಟ್ಟಿಲು ಕಟ್ಟುವ ಕೊಕ್ಕೆ ಇದೆ. ಅದಕ್ಕೆ ಬೆಲ್ಟ್ ಹಾಕಿ, ಕೆಳಗಿನ ಕ್ಲಾಂಪಿಗೆ ಒಂದು ಬಿಡಿ ಪ್ಲೇಟ್ ಸಿಕ್ಕಿಸಿ, ಪ್ಲೇಟಿನ ಸ್ಕ್ರೂಗೆ ಹತ್ತು ಕಿಲೋ ಕುಚ್ಚಲಕ್ಕಿಯ ಚೀಲ ಕಟ್ಟಿ ರಾತ್ರಿ ಇಡೀ ಬಿಟ್ಟೆ. ಬೆಳಿಗ್ಗೆ ಚೀಲವನ್ನು ಒಂದು ಗೇಣು ಎತ್ತಿ ಬಿಟ್ಟೆ, ಹತ್ತಾರು ಸಲ. ಅಮ್ಮ ಬಂದು “ಎಂಥದು ಮಾರಾಯಾ ಇದು, ಅಕ್ಕಿಗೆ ಜೋಗುಳವಾ?” ಎಂದು ಕೇಳಿದರು. ಬಕಲಿನಲ್ಲಿ ಪಟ್ಟಿ ಮೂರು ಮಿಲಿಮೀಟರ್ ಜಾರಿತ್ತು. ಮತ್ತೆ ತೂರಿಸಿ ಬಿಗಿದು ಇನ್ನೊಂದು ರಾತ್ರಿ ಬಿಟ್ಟೆ. ಆಮೇಲೆ ಜಾರಲಿಲ್ಲ.

ಕಡಲ ಬದಿಯಿಂದ ಬಂದ ದಿನ ಬೆಲ್ಟನ್ನು ಸಿಹಿನೀರಿನಲ್ಲಿ ಅದ್ದಿ, ನೆರಳಲ್ಲಿ ಒಣಗಿಸುತ್ತೇನೆ. ಉಪ್ಪು ಒಣಗಿದರೆ ನೂಲಿನ ನಡುವೆ ಹರಳಾಗಿ ಕೂತು ಒಳಗಿಂದಲೇ ತಿಕ್ಕುತ್ತದೆ. ಬಿಸಿಲಿಗೆ ದಿನಗಟ್ಟಲೆ ಹಾಕಿದರೆ ನೈಲಾನ್ ಬಡವಾಗುತ್ತದೆ. ತಿರುಗುವ ಭಾಗವನ್ನು ನೀರಿನ ಕೆಳಗೆ ಹಿಡಿದು ತಿರುಗಿಸಿ ತೊಳೆಯುತ್ತೇನೆ, ಬೆರಳು ತಾಗಿಸಿದರೆ ಸಾಕು ತಿರುಗಬೇಕು. ಸ್ಕೂಟರಿನಲ್ಲಿ ಹೋಗುವಾಗ ಕ್ಯಾಮೆರಾ ಹೆಗಲಲ್ಲಿ ಇರುವುದೇ ಇಲ್ಲ, ಚೀಲದೊಳಗೆ. ಗುಂಡಿ ಬಿದ್ದ ರಸ್ತೆಯ ನಡುಕಕ್ಕೆ ಯಾವ ಸ್ಕ್ರೂವೂ ಸಡಿಲವಾಗಬಹುದು.

2024ರ ಜನವರಿ 18ರ ನಸುಕಿನಲ್ಲಿ ಉಡುಪಿಯಲ್ಲಿ ಪುತ್ತಿಗೆ ಮಠದ ಪರ್ಯಾಯ, ಕೃಷ್ಣಮಠದ ಪೂಜೆಯ ಹೊಣೆ ಕೈ ಬದಲಾಗುವ ಉತ್ಸವ. ಜೋಡುಕಟ್ಟೆಯಿಂದ ಮೆರವಣಿಗೆ ಹೊರಟಾಗ ನಾನು ಜನರ ನಡುವೆ ಇದ್ದೆ. ಅವತ್ತು 70-200 ಲೆನ್ಸ್ ಹಾಕಿದ್ದೆ. ಅದಕ್ಕೆ ಬೇರೆ ಬೆಲ್ಟ್, ಎದೆಯ ಹತ್ತಿರ ಒತ್ತಿದರೆ ಬಿಚ್ಚುವ ಪ್ಲಾಸ್ಟಿಕ್ ಬಕಲ್ ಇದ್ದದ್ದು. ಹಿಂದಿನಿಂದ ಒಂದು ನೂಕು ಬಂತು, ಯಾರದೋ ಮೊಣಕೈಯೋ ಚೀಲವೋ ಆ ಬಕಲಿಗೆ ಒತ್ತಿತು. ಟಕ್ ಎಂದು ಬಿಚ್ಚಿತು. ಬೆಲ್ಟ್ ಹೆಗಲಿನಿಂದ ಜಾರಿತು. ಕ್ಯಾಮೆರಾ ಮೊಣಕಾಲಿನವರೆಗೆ ಹೋಗಿ, ಎರಡನೇ ಹಗ್ಗದಲ್ಲಿ ನಿಂತಿತು. ಚೀಲದ ಪಟ್ಟಿ ನನ್ನ ಹೆಗಲನ್ನು ಜೋರಾಗಿ ಕೆಳಗೆ ಎಳೆದದ್ದು ಮಾತ್ರ ಗೊತ್ತಾಯಿತು. ಎತ್ತಿಕೊಂಡು ನೋಡಿದೆ, ಲೆನ್ಸ್ ಹುಡ್‌ಗೂ ಗೀರಿಲ್ಲ.

ಬೆಳಿಗ್ಗೆ ಮನೆಗೆ ಬಂದು ಆ ಪ್ಲಾಸ್ಟಿಕ್ ಬಕಲನ್ನು ಕತ್ತರಿಸಿ ತೆಗೆದೆ. ಎರಡು ಪಟ್ಟಿಯನ್ನು ಒಂದರ ಮೇಲೊಂದು ಇಟ್ಟು, ಚೌಕ ಹೊಲಿಗೆ ಹಾಕಿಸಲು ರಿಪೇರಿಯವರ ಹತ್ತಿರ ಕೊಟ್ಟು ಬಂದೆ. ಹಗ್ಗದ ಗಂಟು ಜಗ್ಗಿಗೆ ಗಟ್ಟಿಯಾಗಿ ಕೂತುಬಿಟ್ಟಿತ್ತು, ಬಿಚ್ಚಲು ಬರಲಿಲ್ಲ. ಒಮ್ಮೆ ಪೂರ್ತಿ ಭಾರ ತಿಂದ ಹಗ್ಗವನ್ನು ಮತ್ತೆ ನೆಚ್ಚಲು ಮನಸ್ಸಾಗಲಿಲ್ಲ. ಸಂಜೆ ಮಲ್ಪೆಗೆ ಹೋಗಿ ಹೊಸದು ಕಟ್ಟಿಸಿಕೊಂಡೆ.