ಮಹಡಿಯ ಪಿಸಿ, ಹಾಲ್‌ನ ಟಿವಿ: ನಾನು ಗೇಮ್ ಸ್ಟ್ರೀಮ್ ಮಾಡುವ ಬಗೆ

ಗ್ರಾಫಿಕ್ಸ್ ಕಾರ್ಡ್ ಇರುವ ಪಿಸಿ ಮಹಡಿ ಮೇಲಿನ ಕೋಣೆಯಲ್ಲಿ, ದೊಡ್ಡ ಟಿವಿ ಕೆಳಗಿನ ಹಾಲ್‌ನಲ್ಲಿ. ಆಟ ಓಡುವುದು ಪಿಸಿಯಲ್ಲಿ, ಅದರ ಚಿತ್ರ ಮಾತ್ರ ಮನೆಯ ನೆಟ್‌ವರ್ಕ್ ಮೂಲಕ ಟಿವಿಗೆ ಬರುತ್ತದೆ. ಇವೆರಡನ್ನೂ ಹೀಗೆ ಜೋಡಿಸಲು ನಾನು ಬಳಸುತ್ತಿರುವುದು ಎರಡು ಮುಕ್ತ ತಂತ್ರಾಂಶಗಳನ್ನು: ಪಿಸಿಯಲ್ಲಿ ಸನ್‌ಶೈನ್, ಟಿವಿಯಲ್ಲಿ ಮೂನ್‌ಲೈಟ್. ಮೂನ್‌ಲೈಟ್ ಮೊದಲು ಗ್ರಾಫಿಕ್ಸ್ ಚಿಪ್ ಕಂಪನಿ ಎನ್ವಿಡಿಯಾದ ಗೇಮ್‌ಸ್ಟ್ರೀಮ್ ಎಂಬ ಸ್ಟ್ರೀಮಿಂಗ್ ಸೌಲಭ್ಯಕ್ಕೆಂದೇ ಹುಟ್ಟಿದ್ದು. 2023ರಲ್ಲಿ ಕಂಪನಿ ಆ ಸೌಲಭ್ಯ ನಿಲ್ಲಿಸಿದಾಗ ಅದರ ಜಾಗವನ್ನು ಸನ್‌ಶೈನ್ ತುಂಬಿತು. ಸನ್‌ಶೈನ್‌ಗೆ ಎಎಂಡಿ, ಇಂಟೆಲ್ ಗ್ರಾಫಿಕ್ಸ್ ಚಿಪ್‌ಗಳೂ ಆಗುತ್ತವೆ.

ಇನ್‌ಸ್ಟಾಲ್ ಮಾಡುವುದರಲ್ಲಿ ಹೇಳುವಂಥದ್ದೇನಿಲ್ಲ. ಪಿಸಿಯ ಬ್ರೌಸರ್‌ನಲ್ಲಿ https://localhost:47990 ಎಂಬ ಸನ್‌ಶೈನ್‌ನ ಸೆಟ್ಟಿಂಗ್ಸ್ ಪುಟ ತೆರೆದು, ಯೂಸರ್‌ನೇಮ್, ಪಾಸ್‌ವರ್ಡ್ ಇಟ್ಟು, ಟಿವಿ ತೋರಿಸುವ ನಾಲ್ಕಂಕಿಯ ಪಿನ್ ಹೊಡೆದರೆ ಮುಗಿಯಿತು. ಸರ್ಟಿಫಿಕೇಟ್ ಸರಿಯಿಲ್ಲ ಎಂದು ಬ್ರೌಸರ್ ಗೊಣಗುತ್ತದೆ. ಅದು ಸನ್‌ಶೈನ್ ತಾನೇ ಸಹಿ ಹಾಕಿಕೊಂಡ ಸರ್ಟಿಫಿಕೇಟ್, ಮುಂದುವರಿಯಬಹುದು.

ನಿಜವಾದ ಕೆಲಸವಿರುವುದು ಮನೆಯ ನೆಟ್‌ವರ್ಕ್‌ನಲ್ಲಿ. ಇಂಟರ್ನೆಟ್ ಪ್ಲಾನ್ ಎಷ್ಟು ಎಂಬಿಪಿಎಸ್ ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಚಿತ್ರ ಮನೆಯ ರೂಟರ್ ದಾಟಿ ಹೊರಗೆ ಹೋಗುವುದೇ ಇಲ್ಲ. 60 ಎಫ್‌ಪಿಎಸ್ ಎಂದರೆ ಸೆಕೆಂಡಿಗೆ 60 ಚಿತ್ರ, ಅಂದರೆ ಒಂದು ಚಿತ್ರಕ್ಕೆ (ಫ್ರೇಮ್‌ಗೆ) ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್. ಪಿಸಿ, ಟಿವಿ ಎರಡೂ ವೈಫೈನಲ್ಲಿದ್ದರೆ ಪ್ರತಿ ಫ್ರೇಮ್ ಗಾಳಿಯಲ್ಲಿ ಎರಡು ಸಲ ಓಡಾಡಬೇಕು. ಹಾಗಾಗಿ ಪಿಸಿಯಿಂದ ರೂಟರ್‌ಗೆ ಲ್ಯಾನ್ ಕೇಬಲ್ ಎಳೆದೆ, ಟಿವಿಯನ್ನು 5 ಗಿಗಾಹರ್ಟ್ಸ್ ವೈಫೈಗೆ ಹಾಕಿದೆ. ಮೂನ್‌ಲೈಟ್ ಸೆಟ್ಟಿಂಗ್ಸ್‌ನಲ್ಲಿ ಅಂಕಿಅಂಶ ತೋರಿಸುವ ಆಯ್ಕೆಯೊಂದಿದೆ. ನೆಟ್‌ವರ್ಕ್ ವಿಳಂಬ, ಡಿಕೋಡ್ ಸಮಯ (ಬಂದ ಚಿತ್ರವನ್ನು ಟಿವಿ ಬಿಡಿಸಿಕೊಳ್ಳಲು ಹಿಡಿಯುವ ಹೊತ್ತು), ಬಿದ್ದುಹೋದ ಫ್ರೇಮ್ ಎಲ್ಲ ಪರದೆ ಮೇಲೆಯೇ ಕಾಣುತ್ತದೆ. ಆಟ ತಡವರಿಸಿದಾಗ ನೆಟ್‌ವರ್ಕ್ ಕಾರಣವೋ, ಟಿವಿಯ ಬಡಪಾಯಿ ಚಿಪ್ಪೋ ಎಂದು ಇಲ್ಲೇ ತಿಳಿಯುತ್ತದೆ. ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಕಳಿಸುವ ದತ್ತಾಂಶ, ಏರಿಸಿದಷ್ಟೂ ಚೆಂದ ಎಂಬ ನಂಬಿಕೆ ಬೇಡ. 1080ಪಿ, 60 ಎಫ್‌ಪಿಎಸ್‌ಗೆ 20 ಎಂಬಿಪಿಎಸ್ ನನಗೆ ಧಾರಾಳ. ಚಿತ್ರವನ್ನು ಕುಗ್ಗಿಸಿ ಕಳಿಸುವ ವಿಧಾನ, ಅಂದರೆ ಕೋಡೆಕ್, ಎಚ್‌ಇವಿಸಿ.

ನಿಧಾನಗತಿಯ ಆಟಗಳಿಗೆ, ಕಾರ್ ರೇಸಿಗೆ ಇದು ಸಾಕಷ್ಟಾಯಿತು. ಆನ್‌ಲೈನ್ ಶೂಟಿಂಗ್ ಆಟಕ್ಕೆ ಮಾತ್ರ ನಾನು ಮಹಡಿ ಹತ್ತುತ್ತೇನೆ. ಹಾಗೆಯೇ ಅಮ್ಮನ ಧಾರಾವಾಹಿ ಹೊತ್ತಿನಲ್ಲೂ. ಟಿವಿ ಆಗ ಅವರದ್ದು.

ಊರಿಗೆ ಹೋದಾಗ ಲ್ಯಾಪ್‌ಟಾಪ್‌ನಲ್ಲಿ ಆಡಲು ರೂಟರ್‌ನ ಪೋರ್ಟ್‌ಗಳನ್ನು (ಹೊರಗಿನಿಂದ ಒಳಬರುವ ದಾರಿಗಳನ್ನು) ಇಂಟರ್ನೆಟ್‌ಗೆ ತೆರೆದಿಡಲು ನನಗೆ ಮನಸ್ಸಿಲ್ಲ. ಟೇಲ್‌ಸ್ಕೇಲ್ ಎಂಬ ವಿಪಿಎನ್ (ನನ್ನ ಸಾಧನಗಳ ನಡುವಿನ ಖಾಸಗಿ ಸಂಪರ್ಕ) ಮೂಲಕ ಬರುತ್ತೇನೆ, ಬಿಟ್‌ರೇಟ್ ಇಳಿಸಿಕೊಂಡು. ಮಾನಿಟರ್ ಆಫ್ ಆಗಿದ್ದರೆ ಕೆಲವು ಪಿಸಿಗಳಲ್ಲಿ ಸನ್‌ಶೈನ್‌ಗೆ ಸೆರೆಹಿಡಿಯಲು ಪರದೆಯೇ ಸಿಗುವುದಿಲ್ಲ. ಅದಕ್ಕೆ ಮಾನಿಟರ್ ಇದೆ ಎಂದು ಪಿಸಿಯನ್ನು ನಂಬಿಸುವ ಎಚ್‌ಡಿಎಂಐ ಡಮ್ಮಿ ಪ್ಲಗ್ ಒಂದನ್ನು ಸಿಕ್ಕಿಸಿಟ್ಟಿದ್ದೇನೆ.