ಮೈದಾನಕ್ಕೆ ಯಾವ ಬಿಳಿ ಪುಡಿ? ಅಂಕಣದ ಗೆರೆ ಹಾಕುವ ಕೆಲಸದಲ್ಲಿ ನನ್ನ ಅನುಭವ

ನಾನು ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಕಬಡ್ಡಿ, ಕೊಕ್ಕೊ, ವಾಲಿಬಾಲ್ ಅಂಕಣಗಳಿಗೂ ವಾರ್ಷಿಕ ಕ್ರೀಡಾಕೂಟದ ಓಟದ ಪಥಕ್ಕೂ ಗೆರೆ ಹಾಕುವ ಹೊಣೆ ನನ್ನದೇ ಆಗಿರುವುದರಿಂದ, ಅದಕ್ಕೆ ಬಳಸುವ ಬಿಳಿ ಪುಡಿಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ನಮ್ಮ ಕಡೆಯ ಶಾಲೆಗಳಲ್ಲಿ ಗೆರೆ ಎಂದರೆ ಸುಣ್ಣ ಎಂಬುದು ರೂಢಿ. ಗೋಡೆಗೆ ಬಳಿದು ಉಳಿದ ಸುಣ್ಣವನ್ನು ಒಣಗಿಸಿ, ಪುಡಿ ಮಾಡಿ, ಮೈದಾನಕ್ಕೆ ತಂದು ಸುರಿಯುವುದನ್ನು ಅನೇಕ ಕಡೆ ಕಂಡಿದ್ದೇನೆ. ಈ ರೂಢಿಯನ್ನು ಪೂರ್ತಿಯಾಗಿ ಬಿಡಬೇಕು ಮತ್ತು ಹೆಚ್ಚಿನ ಖರ್ಚಿಲ್ಲದೆ ಬಿಡಬಹುದು ಎಂಬುದು ನನ್ನ ಖಚಿತ ಅಭಿಪ್ರಾಯ.

ಸುಣ್ಣ ಎಂಬ ಒಂದೇ ಹೆಸರಿನಲ್ಲಿ ಅಂಗಡಿಯಿಂದ ಬೇರೆ ಬೇರೆ ಪದಾರ್ಥಗಳು ಬರುತ್ತವೆ. ಸುಟ್ಟ ಸುಣ್ಣ ಎಂದರೆ ಕ್ಯಾಲ್ಸಿಯಂ ಆಕ್ಸೈಡ್. ಅದಕ್ಕೆ ನೀರು ತಗುಲಿದರೆ ಕುದಿಯುವಷ್ಟು ಬಿಸಿಯೇಳುತ್ತದೆ. ಹಾಗೆ ನೀರು ಹಾಕಿ ಅರಳಿಸಿದ ಮೇಲೆ ಸಿಗುವುದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿದ ಸುಣ್ಣ. ಅದರಲ್ಲಿ ಬಿಸಿ ಇರುವುದಿಲ್ಲವಾದರೂ ಕ್ಷಾರ ಇರುತ್ತದೆ; ಅದರ ತಿಳಿನೀರಿನ ಪಿಎಚ್ ಸುಮಾರು 12.4. ಮೂರನೆಯದು ಕ್ಯಾಲ್ಸಿಯಂ ಕಾರ್ಬೊನೇಟ್, ಸುಡದ ಸುಣ್ಣಕಲ್ಲನ್ನು ಅಥವಾ ಅಮೃತಶಿಲೆಯನ್ನು ಬೀಸಿದ ಪುಡಿ. ಇದು ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ, ಚರ್ಮವನ್ನು ಸುಡುವುದಿಲ್ಲ. ಮೂರೂ ಬಿಳಿಯಾಗಿಯೇ ಕಾಣುವುದರಿಂದ ಮೈದಾನದಲ್ಲಿ ನಿಂತವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಮಣ್ಣಿನ ಅಂಕಣದಲ್ಲಿ ನಮ್ಮ ಮಕ್ಕಳು ಕಬಡ್ಡಿ, ಕೊಕ್ಕೊ ಆಡುವುದು ಬರಿಗಾಲಿನಲ್ಲಿ. ದಾಳಿಗೆ ಹೋದ ಹುಡುಗಿ ಹಿಡಿತಕ್ಕೆ ಸಿಕ್ಕಾಗ ಮಧ್ಯಗೆರೆಯ ಕಡೆಗೆ ಮುಂಗೈ ಚಾಚಿ ನೆಲಕ್ಕೆ ಬೀಳುತ್ತಾಳೆ. ಬೆವರಿದ ಅಂಗೈಗೆ ಗೆರೆಯ ಪುಡಿ ಮೆತ್ತಿಕೊಳ್ಳುತ್ತದೆ. ಎದ್ದವಳು ಅದೇ ಕೈಯಿಂದ ಹಣೆಯ ಬೆವರು ಒರೆಸಿಕೊಳ್ಳುತ್ತಾಳೆ. ಆ ಪುಡಿ ಅರಳಿದ ಸುಣ್ಣವಾಗಿದ್ದರೆ ಕಣ್ಣಿಗೆ ಎಷ್ಟು ದೂರವಿದೆ ಎಂದು ಯೋಚಿಸಿ. ಕ್ಷಾರವು ಕಣ್ಣಿನ ಮೇಲ್ಪದರದಲ್ಲೇ ನಿಲ್ಲದೆ ಒಳಗೆ ಇಳಿಯುತ್ತಾ ಹೋಗುತ್ತದೆ, ಸುಣ್ಣದ ಕಣಗಳು ರೆಪ್ಪೆಯ ಅಡಿಯಲ್ಲಿ ಅಂಟಿಕೊಂಡು ಸುಡುತ್ತಲೇ ಇರುತ್ತವೆ, ದೃಷ್ಟಿಯೇ ಹೋಗುವ ಸಾಧ್ಯತೆಯಿದೆ. ಜಪಾನಿನ ಶಿಕ್ಷಣ ಸಚಿವಾಲಯ ಇದೇ ಕಾರಣಕ್ಕೆ 2007ರಲ್ಲಿ ಶಾಲಾ ಮೈದಾನದ ಗೆರೆಗಳಿಗೆ ಅರಳಿದ ಸುಣ್ಣವನ್ನು ಆದಷ್ಟು ಬಳಸಬಾರದೆಂದು ತಿಳಿಸಿತು. ಮಕ್ಕಳಿಗೆ ಎಚ್ಚರಿಕೆ ಹೇಳಿ ತಪ್ಪಿಸಬಹುದಾದ ಅಪಾಯ ಇದಲ್ಲ. ಗೆರೆಯನ್ನು ಮುಟ್ಟುವುದೇ ಕಬಡ್ಡಿಯ ಆಟವಾಗಿರುವಾಗ, ಮುಟ್ಟಬೇಡಿ ಎಂದು ಹೇಳುವುದಾದರೂ ಹೇಗೆ?

ಆದ್ದರಿಂದ ನಾನು ಚೀಲದ ಮೇಲಿನ ಹೆಸರನ್ನು ನಂಬುವುದನ್ನು ಬಿಟ್ಟು, ಪ್ರತಿ ಚೀಲವನ್ನೂ ಎರಡು ಪರೀಕ್ಷೆಗೆ ಒಡ್ಡುತ್ತೇನೆ. ಎರಡಕ್ಕೂ ಬೇಕಾದದ್ದು ಅಡುಗೆಮನೆಯಲ್ಲೇ ಇದೆ. ಒಂದು ಬಿಳಿ ತಟ್ಟೆಯಲ್ಲಿ ಚಿಟಿಕೆ ಅರಿಸಿನವನ್ನು ನೀರಿನಲ್ಲಿ ಕಲಸಿ, ಅದರ ಅಂಚಿಗೆ ಚಮಚದ ತುದಿಯಷ್ಟು ಪುಡಿಯನ್ನು ಬೆರೆಸುತ್ತೇನೆ. ಆರತಿಯ ನೀರು ಕೆಂಪಾಗುವುದು ಅರಿಸಿನಕ್ಕೆ ಸುಣ್ಣ ಬಿದ್ದಾಗ ಎಂಬುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಇಲ್ಲಿಯೂ ಹಾಗೆಯೇ, ಅರಳಿದ ಸುಣ್ಣವಿದ್ದರೆ ಅಂಚು ಕೂಡಲೇ ಕಡುಗೆಂಪಾಗುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಹಳದಿ ಹಳದಿಯಾಗಿಯೇ ಉಳಿಯುತ್ತದೆ, ಹೆಚ್ಚೆಂದರೆ ಸ್ವಲ್ಪ ಮಬ್ಬಾಗುತ್ತದೆ. ಬಿಳಿ ಸಿಮೆಂಟು ಮತ್ತು ಅದರಿಂದ ಮಾಡಿದ ಗೋಡೆಯ ಪುಟ್ಟಿಯೂ ಕ್ಷಾರವೇ ಆದ್ದರಿಂದ, ಅವನ್ನು ಬೆರೆಸಿದ್ದರೆ ಇದೇ ಪರೀಕ್ಷೆ ಹಿಡಿದುಕೊಡುತ್ತದೆ. ಎರಡನೆಯದು ನಿಂಬೆರಸದ ಪರೀಕ್ಷೆ. ಒಣ ಪುಡಿಯ ಮೇಲೆ ನಾಲ್ಕು ಹನಿ ನಿಂಬೆರಸ ಬಿಟ್ಟಾಗ ನೊರೆಯೆದ್ದು ಚುಳುಚುಳು ಸದ್ದಾದರೆ ಅದರಲ್ಲಿ ಕಾರ್ಬೊನೇಟ್ ಇದೆ ಎಂದರ್ಥ.

ಇವೆರಡರಲ್ಲಿ ಅರಿಸಿನದ ತೀರ್ಪೇ ಅಂತಿಮ. ಬಹುಕಾಲ ಗಾಳಿಗೆ ತೆರೆದಿಟ್ಟ ಅರಳಿದ ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಸ್ವಲ್ಪ ಭಾಗ ಕಾರ್ಬೊನೇಟ್ ಆಗಿರುತ್ತದೆ, ಹೀಗಾಗಿ ಅದೂ ನಿಂಬೆರಸಕ್ಕೆ ನೊರೆ ಬಿಡುತ್ತದೆ; ಆದರೆ ಒಳಗೆ ಉಳಿದಿರುವ ಕ್ಷಾರ ಅರಿಸಿನವನ್ನು ಕೆಂಪಾಗಿಸದೆ ಬಿಡುವುದಿಲ್ಲ. ಕೆಂಪಾದ ಪುಡಿಯನ್ನು ನಾನು ಎಷ್ಟೇ ಅಗ್ಗವಾಗಿದ್ದರೂ ಮೈದಾನಕ್ಕೆ ತರುವುದಿಲ್ಲ.

ನೊರೆ ಬಾರದ ಪುಡಿಯ ವಿಷಯದಲ್ಲಿಯೂ ಎಚ್ಚರ ಬೇಕು. ಹಲವು ಶಾಲೆಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆಂದು ರಂಗೋಲಿ ಪುಡಿಯನ್ನು ಬಳಸುತ್ತಾರೆ. ಕೆಲವು ರಂಗೋಲಿ ಪುಡಿಗಳು ಸುಣ್ಣಕಲ್ಲಿನಿಂದಾದವು, ಕೆಲವು ಬೆಣಚುಕಲ್ಲಿನಿಂದಾದವು. ಬೆಣಚುಕಲ್ಲಿನ ನುಣ್ಣನೆಯ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಸೇರುತ್ತಾ ಹೋದರೆ ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆ ಬರುತ್ತದೆ. ಮನೆಯ ಅಂಗಳದಲ್ಲಿ ಚಿಟಿಕೆ ಹಿಡಿದು ಎಳೆಯುವ ರಂಗೋಲಿಗೂ, ನೂರು ಮಕ್ಕಳು ಓಡಿ ಧೂಳೆಬ್ಬಿಸುವ ಮೈದಾನಕ್ಕೂ ಅಂತರವಿದೆ. ನಿಂಬೆರಸಕ್ಕೆ ನೊರೆ ಬಾರದ ರಂಗೋಲಿ ಪುಡಿಯನ್ನು ಗೆರೆಗೆ ಬಳಸದಿರುವುದೇ ಒಳ್ಳೆಯದು. ಮೈದಾ, ಅಕ್ಕಿಹಿಟ್ಟುಗಳು ನಿರಪಾಯವಾದರೂ ಇರುವೆ ಮುತ್ತುತ್ತವೆ, ತಿನ್ನುವ ಪದಾರ್ಥ ಮಣ್ಣುಪಾಲಾಗುತ್ತದೆ. ಗೆರೆ ಬಹುದಿನ ಉಳಿಯಲೆಂದು ಬಳಸಿದ ಎಂಜಿನ್ ಆಯಿಲ್ ಸುರಿಯುವವರಿದ್ದಾರೆ, ಹುಲ್ಲಿನ ಮೇಲೆ ಕಳೆನಾಶಕ ಸಿಂಪಡಿಸುವವರಿದ್ದಾರೆ. ಮಕ್ಕಳು ಕೂರುವ, ಬೀಳುವ, ಹೊರಳಾಡುವ ನೆಲಕ್ಕೆ ಇವೆರಡೂ ವಿಷ. ಈ ಮಾತಿನಲ್ಲಿ ನನಗೆ ಯಾವ ರಿಯಾಯಿತಿಯೂ ಇಲ್ಲ.

ಕ್ಯಾಲ್ಸಿಯಂ ಕಾರ್ಬೊನೇಟ್ ಬಣ್ಣದ ಅಂಗಡಿಗಳಲ್ಲಿ ಚಾಕ್ ಪೌಡರ್ ಅಥವಾ ವೈಟಿಂಗ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಮರಗೆಲಸದವರು ಬಿರುಕು ತುಂಬಲು ಎಣ್ಣೆಯಲ್ಲಿ ಕಲಸುವುದೂ ಇದನ್ನೇ. ಸುಣ್ಣಕ್ಕಿಂತ ಕಿಲೋಗೆ ಸ್ವಲ್ಪ ಹೆಚ್ಚಾಗಬಹುದು ಎಂಬ ಆಕ್ಷೇಪಕ್ಕೆ ನನ್ನ ಉತ್ತರವೆಂದರೆ, ಖರ್ಚನ್ನು ನಿರ್ಧರಿಸುವುದು ಕಿಲೋದ ಬೆಲೆಗಿಂತ ಹೆಚ್ಚಾಗಿ ನಾವು ಸುರಿಯುವ ದಪ್ಪ. ವಾಲಿಬಾಲ್ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಸುತ್ತಳತೆ 54 ಮೀಟರ್, ನಡುಗೆರೆ 9, ದಾಳಿಯ ಗೆರೆಗಳೆರಡೂ ಸೇರಿ 18, ಒಟ್ಟು 81 ಮೀಟರ್. ಗೆರೆಯ ಅಗಲ 5 ಸೆಂಟಿಮೀಟರ್ ಆದ್ದರಿಂದ ಪುಡಿ ಮುಚ್ಚುವ ಜಾಗ ಸುಮಾರು 4 ಚದರ ಮೀಟರ್ ಮಾತ್ರ. ಎರಡು ಮಿಲಿಮೀಟರ್ ದಪ್ಪಕ್ಕೆ ಹಾಕಿದರೆ 8 ಲೀಟರ್ ಪುಡಿ ಸಾಕು. ಕೈಯಿಂದ ಮುಷ್ಟಿಗಟ್ಟಲೆ ಸುರಿದು ಗೆರೆಯ ಅಗಲವೂ ದಪ್ಪವೂ ಎರಡರಷ್ಟಾದರೆ ಅದೇ ಅಂಕಣ 32 ಲೀಟರ್ ನುಂಗುತ್ತದೆ.

ಹಾಗಾಗಿ ನಾನು ಮೊದಲು ಮಾಡಿಸಿದ್ದು ಒಂದು ಮರದ ಚೌಕಟ್ಟು. ಒಂದು ಮೀಟರ್ ಉದ್ದದ ಎರಡು ರೀಪರ್ ಪಟ್ಟಿಗಳನ್ನು ನಡುವೆ ಸರಿಯಾಗಿ 5 ಸೆಂಟಿಮೀಟರ್ ಬಿಟ್ಟು ತುದಿಗಳಲ್ಲಿ ಅಡ್ಡಪಟ್ಟಿ ಹೊಡೆದು ಜೋಡಿಸಿದರೆ ಆಯಿತು. ಹುರಿ ಎಳೆದು, ಅದರ ಪಕ್ಕಕ್ಕೆ ಚೌಕಟ್ಟನ್ನಿಟ್ಟು, ತಳದಲ್ಲಿ ತೂತು ಕೊರೆದ ಡಬ್ಬಿಯಿಂದ ಪುಡಿಯನ್ನು ಜಾಡಿಸುತ್ತಾ ಮುಂದೆ ಸರಿಯಬೇಕು. ಹಿಂದಿನ ಸಂಜೆ ನೆಲಕ್ಕೆ ತೆಳ್ಳಗೆ ನೀರು ಚಿಮುಕಿಸಿದ್ದರೆ ಬೆಳಗಿನ ಹದವಾದ ತೇವಕ್ಕೆ ಪುಡಿ ಹಿಡಿದುಕೊಳ್ಳುತ್ತದೆ, ಗಾಳಿಗೆ ಹಾರುವುದಿಲ್ಲ. ನಮ್ಮ ಕೆಮ್ಮಣ್ಣಿನಲ್ಲಿ ಇದು ಚೆನ್ನಾಗಿ ನಿಲ್ಲುತ್ತದೆ. ಬಿರುಕು ಬಿಡುವ ಎರೆಮಣ್ಣಿನಲ್ಲಿ ಮೊದಲು ಬಿರುಕು ಮುಚ್ಚಿ ನೆಲ ಬಡಿಯಬೇಕಾಗುತ್ತದೆ. ಪುಡಿ ನಿರಪಾಯಕಾರಿಯಾದರೂ ಧೂಳು ಧೂಳೇ ಆದ್ದರಿಂದ, ಹಾಕುವವರು ಮೂಗುಬಾಯಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಧರಿಸಬೇಕು. ಈ ಕೆಲಸವನ್ನು ನಾನು ಮಕ್ಕಳು ಬರುವ ಮೊದಲೇ ಮುಗಿಸುತ್ತೇನೆ.

ಅಳತೆ ತಪ್ಪಿ ಅಳಿಸಿ ಹಾಕುವುದೂ ಪುಡಿಯ ನಷ್ಟವೇ. ಮೂಲೆಗಳ ಲಂಬಕೋನಕ್ಕೆ 3, 4, 5 ಮೀಟರ್‌ಗಳ ತ್ರಿಕೋನ ಹಿಡಿದರೂ, ಕೊನೆಗೆ ಕರ್ಣ ಅಳೆಯದೆ ಪುಡಿ ಮುಟ್ಟುವುದಿಲ್ಲ. 13 ಮತ್ತು 10 ಮೀಟರ್‌ನ ಕಬಡ್ಡಿ ಅಂಕಣದ ಎರಡೂ ಕರ್ಣಗಳು 16.40 ಮೀಟರ್ ಬರಬೇಕು. ವಾಲಿಬಾಲ್ ಅಂಕಣದ ಅರ್ಧಭಾಗದ ಕರ್ಣ 12.73 ಮೀಟರ್. ಒಮ್ಮೆ ಸರಿಯಾಗಿ ಅಳೆದ ಮೂಲೆಯನ್ನು ಕಳೆದುಕೊಳ್ಳದಿರಲು, ಉದ್ದನೆಯ ಮೊಳೆಗೆ ಬಣ್ಣದ ನೈಲಾನ್ ದಾರದ ಕುಚ್ಚು ಕಟ್ಟಿ, ಮೊಳೆಯ ತಲೆ ಮಣ್ಣಿನೊಳಗೆ ನಾಲ್ಕು ಬೆರಳು ಇಳಿಯುವ ತನಕ ಹೊಡೆದು ಮುಚ್ಚುತ್ತೇನೆ. ದಾರದ ತುದಿ ಮಾತ್ರ ಮೇಲೆ ಕಾಣುತ್ತಿರುತ್ತದೆ, ಯಾರ ಕಾಲಿಗೂ ತಗುಲುವುದಿಲ್ಲ. ಮುಂದಿನ ಸಲ ಟೇಪು ಹಿಡಿಯದೆ ದಾರದಿಂದ ದಾರಕ್ಕೆ ಹುರಿ ಕಟ್ಟಿದರೆ ಸಾಕು.

ಓಟದ ಪಥಕ್ಕೆ ಇದೇ ಪದ್ಧತಿ. ನಮ್ಮಂಥ ಚಿಕ್ಕ ಮೈದಾನದಲ್ಲಿ 200 ಮೀಟರ್ ಪಥ ಕೂರಿಸಲು ಎರಡು ನೇರ ಭಾಗಗಳಿಗೆ 40 ಮೀಟರ್‌ನಂತೆ ಕೊಟ್ಟರೆ ತಿರುವುಗಳಿಗೆ 120 ಮೀಟರ್ ಉಳಿಯುತ್ತದೆ. ಪುಡಿಯ ಗೆರೆಯಿರುವಲ್ಲಿ ಓಟದ ದೂರವನ್ನು ಒಳಗೆರೆಯ ಹೊರ ಅಂಚಿನಿಂದ 20 ಸೆಂಟಿಮೀಟರ್ ಆಚೆ ಲೆಕ್ಕ ಹಿಡಿಯುವುದರಿಂದ, ಗೆರೆಯ ತ್ರಿಜ್ಯ 18.90 ಮೀಟರ್ ಬರುತ್ತದೆ. ಲೇನಿನ ಅಗಲ 1.22 ಮೀಟರ್, ಒಂದು ಪೂರ್ತಿ ಸುತ್ತು ಲೇನಿನಲ್ಲೇ ಓಡುವುದಾದರೆ ಪ್ರತಿ ಲೇನಿನ ಆರಂಭವನ್ನು ಹಿಂದಿನದಕ್ಕಿಂತ 7.67 ಮೀಟರ್ ಮುಂದಿಡಬೇಕು.

ಸಿಮೆಂಟಿನ ಅಂಕಣದ ಮೇಲೆ ಯಾವ ಪುಡಿಯನ್ನೂ ಹಾಕಬಾರದು, ಕಾಲು ಜಾರುತ್ತದೆ. ಅಲ್ಲಿ ನೆಲಕ್ಕೆಂದೇ ಇರುವ ಬಣ್ಣವೇ ಸರಿ, ಮೊದಲ ಖರ್ಚು ಹೆಚ್ಚಾದರೂ ಬಹುಕಾಲ ಉಳಿಯುತ್ತದೆ. ಹುಲ್ಲಿನ ಮೈದಾನಕ್ಕೆ ನೀರಿನಲ್ಲಿ ತೆಳುವಾಗಿಸಿದ ಬಿಳಿ ಅಕ್ರಿಲಿಕ್ ಎಮಲ್ಷನ್ ಒಳ್ಳೆಯದು. ನಿತ್ಯದ ಅಭ್ಯಾಸಕ್ಕೆ ನೈಲಾನ್ ಪಟ್ಟಿಯನ್ನು ಮೊಳೆ ಹೊಡೆದು ಕೂರಿಸುವವರು, ಪ್ರತಿದಿನ ಮೊಳೆಗಳ ತಲೆ ಮೇಲೆದ್ದಿದೆಯೇ ಎಂದು ನೋಡಲೇಬೇಕು. ಬರಿಗಾಲಿನ ಆಟಗಳಿಗೆ ನಾನು ಇದನ್ನು ಒಪ್ಪುವುದಿಲ್ಲ.

ಬೇರೆ ಮೈದಾನಗಳಿಗೆ ಮಕ್ಕಳನ್ನು ಕರೆದೊಯ್ದಾಗ ಅಲ್ಲಿನ ಪುಡಿ ನಮ್ಮ ಆಯ್ಕೆಯದ್ದಾಗಿರುವುದಿಲ್ಲ. ಅದಕ್ಕಾಗಿ ಒಂದು ಕ್ಯಾನ್ ಶುದ್ಧ ನೀರನ್ನು ಅಂಕಣದ ಪಕ್ಕದಲ್ಲೇ ಇಟ್ಟುಕೊಂಡಿರುತ್ತೇನೆ. ಸುಣ್ಣ ಕಣ್ಣಿಗೆ ಬಿದ್ದರೆ ಉಜ್ಜಲು ಬಿಡಬಾರದು. ಮುಖದ ಮೇಲಿನ ಒಣ ಪುಡಿಯನ್ನು ಕೊಡವಿ, ರೆಪ್ಪೆಗಳನ್ನು ಅಗಲಿಸಿ ಹಿಡಿದು, ಧಾರೆಯಾಗಿ ನೀರು ಬಿಡಬೇಕು. ಒಂದೆರಡು ಸಲ ಎರಚಿದರೆ ಸಾಲದು, ಕನಿಷ್ಠ 20 ನಿಮಿಷ ಬಿಡುತ್ತಲೇ ಇರಬೇಕು. ಉರಿ ಕಡಿಮೆಯಾಯಿತು ಎಂದು ಮಗು ಹೇಳಿದರೂ ಕಣ್ಣಿನ ವೈದ್ಯರಿಗೆ ತೋರಿಸಬೇಕು, ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು.

ಉಳಿದ ಚಾಕ್ ಪೌಡರನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿ ನೀರು ತಾಗದಂತೆ ಇಟ್ಟು, ಡ್ರಮ್ಮಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ಮೈದಾನದ ಪುಡಿ’ ಎಂದು ಬರೆಸಿದ್ದೇನೆ. ಗೋಡೆಗೆ ಬಳಿಯುವ ಸುಣ್ಣ ಬೇರೆ ಕೋಣೆಯಲ್ಲಿದೆ, ಅದರ ಬೀಗದ ಕೈ ಕಚೇರಿಯಲ್ಲಿದೆ.