ಮರೆವಿನ ಕಥೆಗೆ ಇದ್ದಿಲಿನ ಅನಿಮೇಷನ್
ಮರೆವಿನ ಕಥೆಯನ್ನು ಅನಿಮೇಷನ್‌ನಲ್ಲಿ ಹೇಳುವಾಗ ನಾನು ಇದ್ದಿಲು ಹಿಡಿಯುವುದು ಅದು ನೋಡಲು ಚೆಂದ ಎಂಬ ಕಾರಣಕ್ಕಲ್ಲ. ಇದ್ದಿಲಿನ ಗೆರೆಯನ್ನು ಎಷ್ಟು ಅಳಿಸಿದರೂ ಕಾಗದದ ಮೇಲೆ ಬೂದು ಕಲೆ ಉಳಿಯುತ್ತದೆ. ಕಥೆಯ ಆಶಯ ಆ ಕಲೆಯಲ್ಲೇ ಇದೆ. ಒಂದೇ ಹಾಳೆಯಲ್ಲಿ ಬರೆದು, ಫೋಟೊ ತೆಗೆದು, ಅಳಿಸಿ, ಮತ್ತೆ ಬರೆಯುವ ಈ ವಿಧಾನವನ್ನು ದಕ್ಷಿಣ ಆಫ್ರಿಕಾದ ಕಲಾವಿದ ವಿಲಿಯಂ ಕೆಂಟ್ರಿಜ್ 1989ರಿಂದ ಬಳಸುತ್ತ ಬಂದಿದ್ದಾರೆ.

ಎಲ್ಲ ಕಡೆಯೂ ಕಲೆ ಉಳಿದರೆ ನೋಡುವವರಿಗೆ ಬರೀ ಕೊಳೆ ಕಾಣುತ್ತದೆ. ಹಾಗಾಗಿ ಯಾವುದು ಕಲೆ ಬಿಡಬೇಕು, ಯಾವುದು ಬಿಡಬಾರದು ಎಂದು ಸ್ಟೋರಿಬೋರ್ಡ್‌ನಲ್ಲೇ (ಶಾಟ್‌ಗಳನ್ನು ಮೊದಲೇ ಬರೆದಿಟ್ಟುಕೊಳ್ಳುವ ಕರಡು ಚಿತ್ರಗಳಲ್ಲೇ) ಗುರುತು ಹಾಕಿಕೊಳ್ಳುತ್ತೇನೆ. ತಾಯಿಗೆ ಮರೆವು, ಮಗಳು ಜೊತೆಗಿದ್ದಾಳೆ ಎಂದುಕೊಳ್ಳಿ. ಮಗಳ ಗೆರೆಗಳನ್ನು ಪ್ಲಾಸ್ಟಿಕ್ ರಬ್ಬರ್‌ನಿಂದ ತಿಕ್ಕಿ ಆದಷ್ಟೂ ತೆಗೆಯುತ್ತೇನೆ. ತಾಯಿ ಬಳಸುವ ವಸ್ತುಗಳನ್ನು ಮಾತ್ರ ಹಿಟ್ಟಿನಂತೆ ನಾದಬಹುದಾದ ಮೆತ್ತನೆಯ ರಬ್ಬರ್‌ನಿಂದ ಒತ್ತಿ ಒತ್ತಿ ಎತ್ತುತ್ತೇನೆ. ಮೇಜಿನ ಮೇಲಿದ್ದ ಲೋಟವನ್ನು ಮಗಳು ಎಡಕ್ಕೆ ಸರಿಸುತ್ತಾಳೆ. ಮೊದಲಿದ್ದ ಜಾಗದಲ್ಲಿ ಲೋಟದ ಮಸುಕು ಆಕಾರ ನಿಲ್ಲುತ್ತದೆ. ತಾಯಿಯ ಕೈ ಹೋಗುವುದು ಆ ಮಸುಕಿನ ಕಡೆಗೆ. ಬೆರಳುಗಳು ಅಲ್ಲಿ ಮುಚ್ಚಿ, ಅರೆ ಸೆಕೆಂಡ್ ಹಾಗೇ ಇದ್ದು, ಬಿಚ್ಚಿಕೊಳ್ಳುತ್ತವೆ. ಇಂಥ ಶಾಟ್‌ಗೆ ಸಂಭಾಷಣೆ ಸೇರಿಸಿದರೆ ಕೆಡುತ್ತದೆ.

ಇನ್ನು ಟೈಮಿಂಗ್. ಸೆಕೆಂಡಿಗೆ 24 ಫ್ರೇಮ್, ಒಂದೊಂದು ಚಿತ್ರವೂ ಎರಡು ಫ್ರೇಮ್ ನಿಂತರೆ 12 ಚಿತ್ರ. ಮಗಳು ಪ್ರತಿ ಚಿತ್ರದಲ್ಲೂ ಚಲಿಸುತ್ತಾಳೆ, ತಾಯಿ ಒಂದು ಬಿಟ್ಟು ಒಂದರಲ್ಲಿ, ಅಂದರೆ ಸೆಕೆಂಡಿಗೆ 6 ಸಲ. ಇಬ್ಬರೂ ಒಂದೇ ಕೋಣೆಯಲ್ಲಿದ್ದರೂ ಕಾಲ ಬೇರೆಬೇರೆ ಅನ್ನಿಸುವುದು ಇದರಿಂದಲೇ. 6ಕ್ಕಿಂತ ಕೆಳಗಿಳಿದರೆ ಚಲನೆಯೇ ಒಡೆಯುತ್ತದೆ. 6ರಲ್ಲೂ ಕೈಯ ಹಿಂದಿನ ಆಕಾರದ ಮೇಲೆ ಮುಂದಿನದು ಸ್ವಲ್ಪವಾದರೂ ಹಾಯ್ದಿರಬೇಕು, ಇಲ್ಲದಿದ್ದರೆ ಕೈ ಜಿಗಿಯುತ್ತದೆ. 2018ರ ‘ಸ್ಪೈಡರ್‌ಮ್ಯಾನ್: ಇನ್‌ಟು ದ ಸ್ಪೈಡರ್‌ವರ್ಸ್’ ಚಿತ್ರದ ಕಾಡಿನ ದೃಶ್ಯದಲ್ಲಿ ಹೊಸಬ ಸ್ಪೈಡರ್‌ಮ್ಯಾನ್ ಮೈಲ್ಸ್‌ಗೆ ಸೆಕೆಂಡಿಗೆ 12 ಭಂಗಿ, ನುರಿತ ಪೀಟರ್‌ಗೆ 24. ಶೈಲಿ ತೀರಾ ಬೇರೆ, ತರ್ಕ ಇದೇ.

ಸಾಮಗ್ರಿಯಲ್ಲಿ ಮುಖ್ಯವಾದದ್ದು ವಿಲೋ ಕಡ್ಡಿಯ ಇದ್ದಿಲು. ಒತ್ತಿ ಗಟ್ಟಿ ಮಾಡಿದ ಇದ್ದಿಲಿನಲ್ಲಿ ಅಂಟು ಸೇರಿರುವುದರಿಂದ ಅದು ಸುಲಭಕ್ಕೆ ಅಳಿಯುವುದಿಲ್ಲ. ಕೊನೆಯವರೆಗೂ ಕಪ್ಪಾಗಿಯೇ ಉಳಿಯಬೇಕಾದ ಗೋಡೆ, ಬಾಗಿಲಿಗೆ ಅದು ಒಳ್ಳೆಯದು. ಕಾಗದ 250 ಜಿಎಸ್‌ಎಂ (ಚದರ ಮೀಟರಿಗೆ 250 ಗ್ರಾಂ ತೂಗುವಂಥದ್ದು) ಅಥವಾ ಇನ್ನೂ ದಪ್ಪ, ಮೇಲ್ಮೈ ತುಸು ಒರಟು. ನಾಲ್ಕೂ ಬದಿಗೆ ಟೇಪ್ ಹಾಕಿ, ಏಕೆಂದರೆ ಗಾಳಿಯ ತೇವಕ್ಕೆ ಹಾಳೆ ಉಬ್ಬಿದರೆ ಇಡೀ ಚಿತ್ರ ಅಲುಗುತ್ತದೆ. ಶಾಟ್ ಮುಗಿಯುವವರೆಗೆ ಫಿಕ್ಸೆಟಿವ್ (ಇದ್ದಿಲನ್ನು ಕಾಗದಕ್ಕೆ ಅಂಟಿಸಿ ಹಿಡಿದಿಡುವ ದ್ರವ) ಸಿಂಪಡಿಸಬೇಡಿ. ಪುಡಿಯನ್ನು ಕೈಯಿಂದ ಒರೆಸದೆ ರಬ್ಬರ್ ಬ್ಲೋವರ್‌ನಿಂದ ಊದಿ.

ಒಂದೇ ಜಾಗವನ್ನು ಮತ್ತೆಮತ್ತೆ ಅಳಿಸಿದರೆ ಕಾಗದದ ಒರಟುತನ ಸವೆದು ಅಲ್ಲಿ ಇದ್ದಿಲು ಹಿಡಿಯುವುದೇ ಇಲ್ಲ. ಮೊದಲು ಕೆಡುವುದು ಮಾತಾಡುವ ಬಾಯಿ. ಆದ್ದರಿಂದ ಮಾತು ಬಂದಾಗ ಪಾತ್ರದ ಮುಖ ತಿರುಗಿಸುತ್ತೇನೆ, ಇಲ್ಲವೇ ಕೇಳುವವರನ್ನು ತೋರಿಸುತ್ತೇನೆ.

ಕ್ಯಾಮೆರಾದ ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರೂ ಮ್ಯಾನ್ಯುಯಲ್. ಕಿಟಕಿಗೆ ದಪ್ಪ ಪರದೆ, ಮೈಮೇಲೆ ಕಪ್ಪು ಬಟ್ಟೆ. ಇಷ್ಟಾದರೂ ಬೆಳಕು ಮಿನುಗಿದರೆ ಹೆಚ್ಚಾಗಿ ಕಾರಣ ಲೆನ್ಸ್: ಪ್ರತಿ ಫೋಟೊಗೂ ಅಪರ್ಚರ್ (ಬೆಳಕು ಒಳಬಿಡುವ ರಂಧ್ರ) ಕಿರಿದಾಗುವಾಗ ಕೂದಲೆಳೆಯಷ್ಟು ವ್ಯತ್ಯಾಸ ಆಗುತ್ತದೆ. ಕೈಯಿಂದ ತಿರುಗಿಸಿ ನಿಲ್ಲಿಸುವ ಅಪರ್ಚರ್ ಇರುವ ಲೆನ್ಸ್ ಹಾಕಿದರೆ ಸರಿಹೋಗುತ್ತದೆ.

ಎಡಿಟಿಂಗ್‌ನಲ್ಲಿ ಡೀನಾಯ್ಸ್ (ಚಿತ್ರದ ಕಾಳುಕಾಳನ್ನು ನುಣುಪು ಮಾಡುವ ಸೌಲಭ್ಯ) ಮುಟ್ಟುವುದಿಲ್ಲ, ಅದು ಮಸುಕು ಕಲೆಗಳನ್ನೇ ಮೊದಲು ನುಂಗುತ್ತದೆ. ಕಡಿಮೆ ಬಿಟ್‌ರೇಟ್ (ವಿಡಿಯೊದ ಪ್ರತಿ ಸೆಕೆಂಡಿಗೆ ಬಳಸುವ ಡೇಟಾ) ಕೂಡ ಹಾಗೆಯೇ. ಎಕ್ಸ್‌ಪೋರ್ಟ್ ಆದ ಮೇಲೆ ಲೋಟದ ಶಾಟ್ ಅನ್ನು ಫೋನ್‌ನಲ್ಲಿ ನೋಡಿ. ಮಸುಕು ಆಕಾರ ಕಾಣದಿದ್ದರೆ ಮಿಡ್‌ಟೋನ್‌ನ (ಕಪ್ಪು-ಬಿಳುಪಿನ ನಡುವಿನ ಬೂದು ಛಾಯೆಗಳ) ಕಾಂಟ್ರಾಸ್ಟ್ ಮಾತ್ರ ಏರಿಸಿ, ಕಪ್ಪನ್ನು ಮುಟ್ಟಬೇಡಿ.